ಕೋಟೆ ಬಿತ್ತು, ನಾಡು ಸಿಗಲಿಲ್ಲ

ಹರಪನಹಳ್ಳಿ ತಾಲ್ಲೂಕಿನ ಉಚ್ಚಂಗಿದುರ್ಗಕ್ಕೆ ಹುಣ್ಣಿಮೆಗೆ ಬರುವ ಜನ ಉಚ್ಚಂಗೆಮ್ಮನಿಗಾಗಿ ಬರುತ್ತಾರೆ. ಹಣ್ಣುಕಾಯಿ ಮಾಡಿಸಿ, ಉಡಿ ತುಂಬಿ, ಹರಕೆ ಇದ್ದವರು ಹರಕೆ ತೀರಿಸಿ, ಮೆಟ್ಟಿಲಿಳಿದು ಊರ ದಾರಿ ಹಿಡಿಯುತ್ತಾರೆ. ಈ ಗುಡ್ಡಕ್ಕಾಗಿ ಯಾವ ರಾಜ ಯಾವ ರಾಜನ ಮೇಲೆ ಬಿದ್ದ ಎಂಬುದು ಅವರಿಗೆ ಬೇಡದ ಲೆಕ್ಕ. ರಾಜರಿಗೆ ಮಾತ್ರ ಅದು ಬಲು ಬೇಕಾದ ಲೆಕ್ಕವಾಗಿತ್ತು. ಹತ್ತನೇ ಶತಮಾನದಲ್ಲಿ ಗಂಗರ ಮಾರಸಿಂಹ ಇದನ್ನು ನೊಳಂಬರಿಂದ ಕಿತ್ತುಕೊಂಡು ‘ನೊಳಂಬಕುಲಾಂತಕ’ನಾದ. ಇನ್ನೂರು ವರ್ಷ ಕಳೆದ ಮೇಲೆ, 1177ರ ಹೊತ್ತಿಗೆ, ಹೊಯ್ಸಳ ಇಮ್ಮಡಿ ಬಲ್ಲಾಳ ಇದನ್ನೇ ಉಚ್ಚಂಗಿಯ ಪಾಂಡ್ಯರಿಂದ ಗೆದ್ದು ‘ಗಿರಿದುರ್ಗಮಲ್ಲ’ನಾದ, ಗೆದ್ದದ್ದು ಶನಿವಾರವಾದ್ದರಿಂದ ‘ಶನಿವಾರಸಿದ್ಧಿ’ಯೂ ಆದ. ಚೋಳರು ಹನ್ನೆರಡು ವರ್ಷ ಮುತ್ತಿಗೆ ಹಾಕಿ ಕೈಚೆಲ್ಲಿದ ಕೋಟೆಯನ್ನು ನಮ್ಮ ದೊರೆ ಲೀಲೆಯಿಂದ ಹಿಡಿದ ಎಂದು ಹೊಯ್ಸಳರ ಶಾಸನ ಬೀಗುತ್ತದೆ. ಬರೆಸಿದವರು ಗೆದ್ದವರೇ ಆದ್ದರಿಂದ ಆ ಹನ್ನೆರಡರಲ್ಲಿ ಕೆಲವು ವರ್ಷ ಕಳೆದು ಓದಿಕೊಂಡರೂ ನಡೆದೀತು.

ಅದೇ ಗೆಲುವಿನ ಕಥೆಯೊಳಗೆ ಇನ್ನೊಂದು ವಿವರ ಸೇರಿಕೊಂಡಿದೆ. ಶರಣು ಬಂದ ಪಾಂಡ್ಯ ರಾಜಕುಮಾರ ಕಾಮದೇವನಿಗೆ ಬಲ್ಲಾಳ ಅವನ ನಾಡನ್ನು ಮರಳಿ ಕೊಟ್ಟನಂತೆ. ಇದನ್ನು ಔದಾರ್ಯ ಎನ್ನಲು ನನಗೆ ಮನಸ್ಸಾಗುವುದಿಲ್ಲ. ಅನುಭವಸ್ಥ ದೊರೆಯ ಲೆಕ್ಕಾಚಾರ ಎಂದೇ ತೋರುತ್ತದೆ. ನೊಳಂಬವಾಡಿ ಮೂವತ್ತೆರಡು ಸಾವಿರ ಎಂಬ ಸೀಮೆಯನ್ನು ದೋರಸಮುದ್ರದಲ್ಲಿ ಕೂತು ಆಳುವುದು ಹೇಗೆ? ಕೆರೆಯ ತೂಬು ಯಾವಾಗ ಎತ್ತಬೇಕು, ಯಾವ ಊರಿನ ಗೌಡನಿಗೂ ಯಾವ ಊರಿನ ಗೌಡನಿಗೂ ಎಷ್ಟು ತಲೆಮಾರಿನ ವೈರ, ಮಳೆ ಹೋದ ವರ್ಷ ಯಾರಿಂದ ಎಷ್ಟು ಕಂದಾಯ ಕೇಳಬಹುದು, ಇದೆಲ್ಲ ಗೊತ್ತಿರುವವನು ಸೋತ ಮನೆಯವನೇ. ಅವನನ್ನು ಇಟ್ಟುಕೊಂಡು ಕಪ್ಪ ತಗೊಂಡರೆ ಬಿರುದೂ ಉಳಿಯುತ್ತದೆ, ನಾಡೂ ಉಳಿಯುತ್ತದೆ. ಹಳೆಯ ರಾಜರು ಕ್ರೂರಿಗಳಾಗಿದ್ದರು, ಊರು ಸುಟ್ಟರು, ದನ ಹೊಡೆದುಕೊಂಡು ಹೋದರು. ಆದರೂ ಗೆಲ್ಲುವುದು ಬೇರೆ, ಇಟ್ಟುಕೊಳ್ಳುವುದು ಬೇರೆ ಎಂಬ ತಿಳಿವಳಿಕೆ ಅವರಲ್ಲಿ ಹಲವರಿಗೆ ಇತ್ತು. ಸರ್ವಾಧಿಕಾರಿ ಎಡವುವುದು ಇಲ್ಲಿಯೇ. ತನಗೂ ಪ್ರಜೆಗೂ ನಡುವೆ ಇನ್ನೊಬ್ಬ ಇರುವುದನ್ನು ಅವನ ಜೀವ ಸಹಿಸುವುದಿಲ್ಲ.

ನಮ್ಮ ಸೀಮೆಯ ಮಟ್ಟಿಗೆ ಇದಕ್ಕೆ ದಿಲ್ಲಿಯ ಸುಲ್ತಾನ ಮಹಮದ್ ಬಿನ್ ತುಘಲಕ್‌ಗಿಂತ ದೊಡ್ಡ ಉದಾಹರಣೆ ಇಲ್ಲ. ನಾವು ಅವನನ್ನು ನಗೆಯ ವಸ್ತು ಮಾಡಿಕೊಂಡಿದ್ದೇವೆ. ತಾಲ್ಲೂಕು ಕಚೇರಿಯಲ್ಲಿ ಬೆಳಗಿನ ಆದೇಶ ಸಂಜೆಗೆ ತಿರುಗಿದರೆ ‘ತುಘಲಕ್ ದರ್ಬಾರು’ ಎನ್ನುತ್ತೇವೆ. ಗಿರೀಶ ಕಾರ್ನಾಡರು 1964ರ ತಮ್ಮ ನಾಟಕದಲ್ಲಿ ಅವನನ್ನು ಆ ನಗೆಯಿಂದ ಎತ್ತಿ ಬೇರೆ ಎತ್ತರಕ್ಕೆ ಒಯ್ದರು. ಆ ದೊರೆಯ ಕತ್ತಿ ತುಂಗಭದ್ರೆಯ ದಡಕ್ಕೇ ಬಂದಿತ್ತು ಎಂಬುದು ಮಾತ್ರ ನಮ್ಮ ಮಾತುಕತೆಯಲ್ಲಿ ಹೆಚ್ಚು ಬರುವುದಿಲ್ಲ.

ನಡೆದದ್ದು ಇಷ್ಟು. 1325ರಲ್ಲಿ ಪಟ್ಟಕ್ಕೆ ಬಂದವನ ವಿರುದ್ಧ ಅವನದೇ ಸೋದರತ್ತೆಯ ಮಗ ಬಹಾವುದ್ದೀನ್ ಗುರ್ಶಾಸ್ಪ್ ತಿರುಗಿಬಿದ್ದ. ಇಂದಿನ ಯಾದಗಿರಿ ಜಿಲ್ಲೆಯ ಸಗರದಲ್ಲಿ ಅಧಿಕಾರಿಯಾಗಿದ್ದವನು. ಸೋತು ಓಡಿಬಂದು ಕಂಪಿಲಿರಾಯನ ಮೊರೆಹೊಕ್ಕ. ಕಂಪಿಲಿಯದು ಸಣ್ಣ ರಾಜ್ಯ. ಬಳ್ಳಾರಿ, ರಾಯಚೂರು, ಚಿತ್ರದುರ್ಗದ ಕಡೆಯ ಒಂದಿಷ್ಟು ಸೀಮೆ, ಕುಮ್ಮಟದುರ್ಗದಂಥ ಗುಡ್ಡದ ಕೋಟೆಗಳು. ದಿಲ್ಲಿಯ ದಂಡು ಎರಡು ಸಲ ಬಂದು ಹಿಮ್ಮೆಟ್ಟಿತು, ಮೂರನೆಯ ಸಲ ಗೆದ್ದಿತು ಎಂದು ಅದೇ ಶತಮಾನದ ಇತಿಹಾಸಕಾರ ಇಸಾಮಿ ಬರೆಯುತ್ತಾನೆ. ಇನ್ನು ಉಳಿಗಾಲವಿಲ್ಲ ಎಂದಾಗ ರಾಯ ತನ್ನ ಅತಿಥಿಯನ್ನು ದೋರಸಮುದ್ರಕ್ಕೆ ಕಳಿಸಿಕೊಟ್ಟ. ಅರಮನೆಯ ಹೆಂಗಸರು ಬೆಂಕಿಗೆ ಬಿದ್ದರು. ರಾಯ ಕೋಟೆಯಿಂದ ಹೊರಬಿದ್ದು ಕಾದಾಡಿ ಸತ್ತ. 1327ರ ಮಾತು.

ಮನೆ ಮಠ ಬಿಟ್ಟು ಬಂದ ಒಬ್ಬ ಮುಸಲ್ಮಾನ ಸರದಾರನಿಗಾಗಿ ಕಂಪಿಲಿಯ ಹಿಂದೂ ದೊರೆ ಸಂಸಾರ ಸಮೇತ ನಾಶವಾದ. ಇದನ್ನು ಇಂದಿನ ಜಗಳಗಳಿಗೆ ಹೊಂದಿಸಿಕೊಳ್ಳಲು ಹೊರಟವರಿಗೆ ಈ ಒಂದು ಸಂಗತಿಯೇ ಕಾಲಿಗೆ ತೊಡರುತ್ತದೆ.

ಸೆರೆಸಿಕ್ಕ ಹನ್ನೊಂದು ಮಂದಿ ರಾಜಕುಮಾರರನ್ನು ದಿಲ್ಲಿಗೆ ಒಯ್ದು, ಮತ ಬದಲಿಸಿ, ಅಮೀರರನ್ನಾಗಿ ಮಾಡಿದರು ಎಂದು ಪ್ರವಾಸಿ ಇಬ್ನ್ ಬತೂತ ಹೇಳುತ್ತಾನೆ. ಅವರಲ್ಲಿ ಮೂವರನ್ನು ಅವನು ಬಲ್ಲ. ಒಬ್ಬ ಅಬೂ ಮುಸ್ಲಿಂ, ಬತೂತನ ಗೆಳೆಯ. ಅವನ ಉದ್ಯೋಗ ಸುಲ್ತಾನ ಕುಡಿಯುವ ನೀರಿನ ಮೇಲಿನ ಮೊಹರು ಕಾಯುವುದು. ತಂದೆಯನ್ನು ಕೊಂದವನ ನೀರಿಗೆ ವಿಷ ಬೀಳದಂತೆ ನೋಡಿಕೊಳ್ಳುವ ಮಗ! ಯಾರನ್ನೂ ನಂಬದ ದೊರೆ ನೀರನ್ನು ಇವನ ಕೈಗೆ ಕೊಟ್ಟಿದ್ದಾದರೂ ಏಕೆ? ಹಿಂದೆ ಮುಂದೆ ಯಾರೂ ಇಲ್ಲದವನೇ ಸುರಕ್ಷಿತ ಎಂದಿರಬೇಕು. ಎಲ್ಲ ಸರ್ವಾಧಿಕಾರಿಗಳ ಸುತ್ತ ಇಂಥವರ ಒಂದು ಬಳಗ ಇರುತ್ತದೆ: ಬೇರು ಕಿತ್ತು ತಂದು ಅರಮನೆಯಲ್ಲಿ ನೆಟ್ಟ ಮನುಷ್ಯರು.

ಇನ್ನು ಗುರ್ಶಾಸ್ಪ್‌ನ ಗತಿ. ದೋರಸಮುದ್ರದ ಹೊಯ್ಸಳ ದೊರೆ ಮುಮ್ಮಡಿ ಬಲ್ಲಾಳ ಅವನನ್ನು ಇಟ್ಟುಕೊಳ್ಳುವ ಧೈರ್ಯ ಮಾಡಲಿಲ್ಲ, ಹಿಡಿದು ಒಪ್ಪಿಸಿದ. ಸುಲ್ತಾನ ಅವನ ಚರ್ಮ ಸುಲಿಸಿ, ಮಾಂಸವನ್ನು ಅನ್ನದೊಂದಿಗೆ ಬೇಯಿಸಿ ಹೆಂಡತಿ ಮಕ್ಕಳಿಗೆ ಕಳಿಸಿದ. ಚರ್ಮಕ್ಕೆ ಹುಲ್ಲು ತುಂಬಿಸಿ ಊರೂರು ಮೆರವಣಿಗೆ ಮಾಡಿಸಿದ. ಮೆರವಣಿಗೆ ಸಿಂಧ್ ಮುಟ್ಟಿದಾಗ ಅಲ್ಲಿದ್ದ ಕಿಶ್ಲೂ ಖಾನ್ ಎಂಬ ಹಿರಿಯ ಸರದಾರ ಅದನ್ನು ನೋಡಲಾರದೆ ಮಣ್ಣು ಮಾಡಿಸಿದ. ಸುಲ್ತಾನನಿಗೆ ಅದು ಅಪರಾಧವಾಗಿ ಕಂಡಿತು. ಕಿಶ್ಲೂ ಖಾನ್‌ಗೆ ತನ್ನ ಸರದಿ ಬಂತೆಂದು ಗೊತ್ತಾಯಿತು. ಅವನೂ ದಂಗೆ ಎದ್ದ. ಜನ ಹೆದರಿ ದಂಗೆ ನಿಲ್ಲಿಸಲಿ ಎಂದು ಕಳಿಸಿದ ಹೆಣವೇ ಮುಂದಿನ ದಂಗೆಗೆ ಕಾರಣವಾಯಿತು. ಈ ಸರಪಳಿಯನ್ನು ನಾನು ಮತ್ತೆ ಮತ್ತೆ ಓದುತ್ತೇನೆ. ಭಯಕ್ಕೆ ಒಂದು ಅಳತೆ ಇದೆ. ಆ ಅಳತೆಯವರೆಗೆ ಅದು ಮನುಷ್ಯನನ್ನು ಸುಮ್ಮನಿರಿಸುತ್ತದೆ; ದಾಟಿದರೆ, ಸುಮ್ಮನಿದ್ದರೂ ಸಾಯುತ್ತೇನೆ ಎಂದ ಮೇಲೆ ಕತ್ತಿ ಹಿಡಿದೇ ಸಾಯೋಣ ಎನ್ನಿಸುತ್ತದೆ. ತುಘಲಕ್‌ನ ಇಪ್ಪತ್ತಾರು ವರ್ಷದ ಆಳ್ವಿಕೆಯಲ್ಲಿ ಇತಿಹಾಸಕಾರರು ಇಪ್ಪತ್ತಕ್ಕೂ ಹೆಚ್ಚು ದಂಗೆಗಳನ್ನು ಎಣಿಸುತ್ತಾರೆ. ಎಲ್ಲರೂ ದುರಾಸೆಯಿಂದ ಎದ್ದವರಲ್ಲ. ಬಹಳ ಜನ ಮುಂದೇನು ಕಾದಿದೆಯೋ ಎಂದು ಹೆದರಿ ಎದ್ದವರು.

ಗೆಲುವಿನ ಬೆನ್ನಿಗೇ ಆಸೆ ಹಿಗ್ಗಿತು. ರಾಜಧಾನಿ ದೌಲತಾಬಾದಿಗೆ ಹೋಯಿತು. ಇಸಾಮಿಯ ತೊಂಬತ್ತು ವರ್ಷದ ಅಜ್ಜ ಆ ದಾರಿಯ ಮೊದಲ ತಂಗುದಾಣದಲ್ಲೇ ಪ್ರಾಣ ಬಿಟ್ಟ. ಖುರಾಸಾನ್ ಗೆಲ್ಲಲು 3,70,000 ಸೈನಿಕರನ್ನು ನೇಮಿಸಿ ಒಂದು ವರ್ಷ ಸಂಬಳ ಕೊಟ್ಟು, ಎರಡನೇ ವರ್ಷಕ್ಕೆ ಬೊಕ್ಕಸದಲ್ಲಿ ದುಡ್ಡಿಲ್ಲದೆ ಕೈಬಿಟ್ಟ ಎಂದು ಆಸ್ಥಾನದಲ್ಲಿದ್ದ ಇತಿಹಾಸಕಾರ ಬರನಿ ದಾಖಲಿಸುತ್ತಾನೆ. ತಾಮ್ರದ ನಾಣ್ಯವನ್ನು ಬೆಳ್ಳಿಯ ಬೆಲೆಗೆ ಓಡಿಸಲು ಹೋಗಿ ಮನೆಮನೆಯೂ ಟಂಕಸಾಲೆಯಾಯಿತು. ಹಿಮಾಲಯದ ಕರಾಚಿಲ್ ಕಡೆ ಕಳಿಸಿದ ದಂಡು ಮಳೆ, ಕಾಯಿಲೆ, ಕಣಿವೆಗಳಲ್ಲಿ ಕರಗಿಹೋಯಿತು. ಹೋದದ್ದು ಲಕ್ಷ ಸವಾರರು, ಮರಳಿದ್ದು ಮೂವರು ಸರದಾರರು ಎಂದು ಬತೂತ, ಹತ್ತು ಸವಾರರು ಎಂದು ಬರನಿ.

ಇಷ್ಟರಲ್ಲಿ ದೂರದ ಮಧುರೆಯ ಅಧಿಕಾರಿಯೇ ಸ್ವತಂತ್ರನಾದ. ಅವನನ್ನು ಬಡಿಯಲು ಸುಲ್ತಾನ ತಾನೇ ಹೊರಟ. ವಾರಂಗಲ್ ಮುಟ್ಟುವಷ್ಟರಲ್ಲಿ ದಂಡಿಗೆ ಬೇನೆ ತಗುಲಿ ಅರ್ಧಕ್ಕೆ ತಿರುಗಿದ. ಹಿಂದಿರುಗುವ ದಾರಿಯಲ್ಲಿ ಬೀಡ್ ಬಳಿ ಒಂದು ಹಲ್ಲು ಬಿತ್ತು. ಅದನ್ನು ಹೂಳಿಸಿ ಮೇಲೊಂದು ಗುಮ್ಮಟ ಕಟ್ಟಿಸಿದನಂತೆ. ಬೇನೆಗೆ ಸತ್ತ ಸಿಪಾಯಿಗಳಿಗೆ ಗುಮ್ಮಟವಿಲ್ಲ, ಉದುರಿದ ಹಲ್ಲಿಗಿದೆ. ಇದನ್ನು ಕೇಳಿ ನಕ್ಕುಬಿಡಬಹುದು. ನನಗೆ ಮಾತ್ರ ಆ ಆಳ್ವಿಕೆಯ ಒಳಗು ಎಲ್ಲಕ್ಕಿಂತ ಚೆನ್ನಾಗಿ ಇಲ್ಲಿಯೇ ಕಾಣುತ್ತದೆ.

ಸೋಲಿಗೆ ಕಾರಣ ಹುಚ್ಚು ಎನ್ನುವುದು ಸುಲಭದ ಉತ್ತರ. ಅವನು ಹುಚ್ಚನಾಗಿರಲಿಲ್ಲ. ತರ್ಕ, ತತ್ತ್ವ, ವೈದ್ಯ ಓದಿದವನು, ಒಳ್ಳೆಯ ಅಕ್ಷರದವನು, ಜೈನಾಚಾರ್ಯ ಜಿನಪ್ರಭಸೂರಿಯನ್ನು ಕರೆಸಿ ಚರ್ಚೆ ಮಾಡುತ್ತಿದ್ದವನು. ಅವನ ಟಪಾಲು ವ್ಯವಸ್ಥೆಯನ್ನು ಕಂಡು ಬತೂತ ಬೆರಗಾಗಿದ್ದಾನೆ. ತಾಮ್ರದ ಗೆಜ್ಜೆ ಕಟ್ಟಿದ ಕೋಲು ಹಿಡಿದ ಓಟಗಾರ, ಗೆಜ್ಜೆ ಸದ್ದು ಕೇಳಿ ಮುಂದಿನ ಠಾಣೆಯಲ್ಲಿ ಸಜ್ಜಾಗಿ ನಿಂತ ಇನ್ನೊಬ್ಬ. ಸಿಂಧಿನಿಂದ ದಿಲ್ಲಿಗೆ ಐವತ್ತು ದಿನದ ಹಾದಿ. ಸುದ್ದಿ ಐದು ದಿನಕ್ಕೆ ಮುಟ್ಟುತ್ತಿತ್ತು. ಸುಲ್ತಾನ ದೌಲತಾಬಾದಿನಲ್ಲಿದ್ದಾಗ ಗಂಗೆಯ ನೀರು ನಲವತ್ತು ದಿನದ ದಾರಿ ಸಾಗಿ ಅವನ ಲೋಟಕ್ಕೆ ಬರುತ್ತಿತ್ತು.

ಸುದ್ದಿ ಐದು ದಿನದಲ್ಲಿ ಬರುತ್ತದೆ, ದಂಡು ಹೋಗಲು ತಿಂಗಳುಗಳು ಬೇಕು. ದಿಲ್ಲಿಯಿಂದ ತೆಲಂಗಾಣ, ಮಧುರೆಯ ಸೀಮೆಗೆ ಆರು ತಿಂಗಳ ಪ್ರಯಾಣ ಎಂದು ಅದೇ ಬತೂತ ಬರೆಯುತ್ತಾನೆ. ಎಲ್ಲವನ್ನೂ ಕೇಳಬಲ್ಲ, ಏನನ್ನೂ ಮುಟ್ಟಲಾರದ ದೊರೆ. ಕೇಳಿದ್ದಕ್ಕೆಲ್ಲ ಸಿಟ್ಟು ಬರುತ್ತದೆ. ಸಿಟ್ಟು ತೀರಿಸಿಕೊಳ್ಳಲು ಹತ್ತಿರವಿರುವವರು ಸಿಗುತ್ತಾರೆ. ದೂರದಲ್ಲಿ ನಾಡು ಕೈತಪ್ಪುತ್ತಿದ್ದರೆ ಅರಮನೆಯ ಬಾಗಿಲಲ್ಲಿ ತಲೆಗಳು ಉರುಳುತ್ತವೆ. ಬರನಿ ಹದಿನೇಳು ವರ್ಷ ಆ ಬಾಗಿಲ ಒಳಗಿದ್ದ. ಮುದಿತನದಲ್ಲಿ ಬಡವನಾಗಿ ಕೂತು ಬರೆಯುವಾಗ, ನಿಜ ಹೇಳುವ ಧೈರ್ಯ ನಮಗಿರಲಿಲ್ಲ, ಜೀವಭಯ ಮತ್ತು ಸಂಬಳದಾಸೆ ಬಾಯಿ ಕಟ್ಟಿದ್ದವು ಎಂದು ಒಪ್ಪಿಕೊಳ್ಳುತ್ತಾನೆ.

ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಬೇರೆಯದೇ ಪದ್ಧತಿ ಇದೆ. ಭರತ ಹುಣ್ಣಿಮೆಯ ಜಾತ್ರೆಗೆ ಉಪವಾಸವಿದ್ದ ಗೊರವಯ್ಯ ಡೆಂಕನಮರಡಿಯಲ್ಲಿ ಎತ್ತರದ ಬಿಲ್ಲನ್ನೇರಿ ‘ಸದ್ದಲೇ’ ಎಂದೊಡನೆ ಲಕ್ಷಗಟ್ಟಲೆ ಜನ ಉಸಿರು ಹಿಡಿಯುತ್ತಾರೆ. ಒಂದೇ ಸಾಲು ಕಾರಣಿಕ ನುಡಿದು ಮೇಲಿಂದ ಬೀಳುತ್ತಾನೆ, ಕೆಳಗಿದ್ದವರು ಹಿಡಿದುಕೊಳ್ಳುತ್ತಾರೆ. ಮಳೆ ಬೆಳೆಯೋ, ಆಳುವವರ ಪಾಡೋ, ಅರ್ಥ ಮಾಡಿಕೊಳ್ಳುವುದು ಕೇಳಿದವರಿಗೆ ಬಿಟ್ಟದ್ದು. ಆ ನುಡಿ ನಿಜವಾಗುತ್ತದೋ ಇಲ್ಲವೋ, ನನ್ನ ತಕರಾರಿಲ್ಲ. ದೊರೆಯೂ ಕುರಿ ಕಾಯುವವನೂ ಒಂದೇ ಮಾತನ್ನು ಒಂದೇ ಹೊತ್ತಿಗೆ ಕೇಳುತ್ತಾರೆ, ಹೇಳಿದವನ ತಲೆಗೆ ಯಾರೂ ಕೈಹಚ್ಚುವುದಿಲ್ಲ. ತುಘಲಕ್‌ನ ಆಸ್ಥಾನದಲ್ಲಿ ಅಂಥ ಒಂದು ಬಿಲ್ಲಿರಲಿಲ್ಲ.

ಕೋಟೆ ಬಿದ್ದರೂ ನಾಡು ಸಿಗದಿರುವುದು ನಮ್ಮ ಸೀಮೆಯ ಕಥೆಯಷ್ಟೇ ಅಲ್ಲ. ನೆಪೋಲಿಯನ್ 1812ರ ಸೆಪ್ಟೆಂಬರಿನಲ್ಲಿ ಮಾಸ್ಕೋ ಹೊಕ್ಕಾಗ ಶರಣಾಗಲು ಎದುರಿಗೆ ಯಾರೂ ಬರಲಿಲ್ಲ. ಖಾಲಿ ಊರು, ಬೆನ್ನಿಗೇ ಬೆಂಕಿ. ಹಿಟ್ಲರ್ 1941ರ ಜೂನ್ 22ರಂದು ಅದೇ ದಿಕ್ಕಿಗೆ ದಂಡು ನುಗ್ಗಿಸಿದಾಗ ಚಳಿಗಾಲಕ್ಕೆ ಮೊದಲೇ ಕೆಲಸ ಮುಗಿಯುತ್ತದೆ ಎಂಬ ಅವನ ನಂಬಿಕೆಯನ್ನು ಅಲುಗಿಸುವ ಎದೆ ಅವನ ಸೇನಾಪತಿಗಳಿಗಿರಲಿಲ್ಲ. ದೇಶ ಬೇರೆ, ಕಾಲ ಬೇರೆ. ಬಿಡಿ.

ದಂಡು ಎಂದರೆ ನಡೆಯುವ ಹೊಟ್ಟೆ ಎಂಬುದನ್ನು ಕೂಡ್ಲಿಗಿ, ಕೊಟ್ಟೂರಿನ ಎರೆ ಮಸಾರಿ ಹೊಲಗಳನ್ನು ಕಂಡವರಿಗೆ ವಿವರಿಸಬೇಕಿಲ್ಲ. ಮಳೆ ನಂಬಿ ಜೋಳ, ಸಜ್ಜೆ, ಹುರುಳಿ ಬಿತ್ತುವ ನೆಲ. ಕುದುರೆಗೆ ಹುರುಳಿ ಬೇಕು. ಒಂದು ದೊಡ್ಡ ದಂಡು ಬೀಡು ಬಿಟ್ಟರೆ ನಾಲ್ಕು ಊರಿನ ಹಗೇವು ಬರಿದಾಗುತ್ತದೆ, ಬಣವೆ ನೆಲ ಕಾಣುತ್ತದೆ, ಕೆರೆಯ ಕೊನೆಯ ನೀರು ಕೆಸರಾಗುತ್ತದೆ. ಮರುವರ್ಷ ಬಿತ್ತಲು ಬೀಜವಿಲ್ಲ. ರೈತ ಊರು ಬಿಡುತ್ತಾನೆ. ಗೆದ್ದವನ ಕೈಗೆ ಕಂದಾಯ ಕೊಡುವವರಿಲ್ಲದ ನೆಲ. ಮುಂದಿನ ಶತಮಾನಗಳಲ್ಲಿ ಈ ಹೊಟ್ಟೆ ತುಂಬಿಸುವ ಕೆಲಸಕ್ಕೆ ಲಂಬಾಣಿಗರು ಬಂದರು. ಸಾವಿರಾರು ಎತ್ತುಗಳ ಮೇಲೆ ಧಾನ್ಯ, ಉಪ್ಪು ಹೇರಿಕೊಂಡು ಮೊಗಲರ, ನಿಜಾಮರ, ಕುಂಪಣಿಯವರ ದಂಡುಗಳ ಹಿಂದೆ ನಡೆದರು. ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹರಪನಹಳ್ಳಿ ಸುತ್ತ ಎಷ್ಟೊಂದು ತಾಂಡಾಗಳಿವೆ. ಸಾಮ್ರಾಜ್ಯಗಳ ಇತಿಹಾಸವನ್ನು ಕತ್ತಿ ಹಿಡಿದವರ ಕಡೆಯಿಂದ ಬಿಟ್ಟು ಎತ್ತು ಹೊಡೆದವರ ಕಡೆಯಿಂದ ಯಾರಾದರೂ ಬರೆಯಬೇಕಿತ್ತು.

ಸಾಮಾನ್ಯರು ತಮ್ಮ ಕಡೆಯಿಂದ ಬರೆಸಿದ್ದು ಇಲ್ಲವೆಂದಲ್ಲ. ಈ ತಾಲ್ಲೂಕುಗಳ ಹಳೆಯ ಊರುಗಳಲ್ಲಿ ಹನುಮಪ್ಪನ ಗುಡಿ ಪಕ್ಕವೋ ಕೆರೆ ಏರಿಯ ಮೇಲೋ ಅರ್ಧ ಹೂತ ವೀರಗಲ್ಲು ಕಾಣಸಿಗುತ್ತವೆ. ಎಣ್ಣೆ ಕುಂಕುಮ ಬಳಿದು ಗುರುತು ಹತ್ತದಂತಾಗಿರುತ್ತವೆ. ಬಗ್ಗಿ ನೋಡಿದರೆ ಕೆಳಗಿನ ಪಟ್ಟಿಕೆಯಲ್ಲಿ ಒಬ್ಬ ಕತ್ತಿ ಗುರಾಣಿ ಹಿಡಿದಿದ್ದಾನೆ, ಹಿಂದೆ ಸಾಲಾಗಿ ದನಗಳ ತಲೆ, ಕೊಂಬು. ನಡುವೆ ಅಪ್ಸರೆಯರು ಅವನ ತೋಳು ಹಿಡಿದು ಒಯ್ಯುತ್ತಿದ್ದಾರೆ. ಮೇಲೆ ಅವನು ಲಿಂಗದ ಮುಂದೆ ಕೈಮುಗಿದಿದ್ದಾನೆ. ಇಂಥ ಕಲ್ಲುಗಳಲ್ಲಿ ತುರುಗೊಳ್ (ದನಗಳ ಸುಲಿಗೆ) ತಡೆದು ಸತ್ತವರದು ದೊಡ್ಡ ಪಾಲು. ಪಕ್ಕದ ರಾಜ್ಯ ಗೆಲ್ಲಲು ಹೋಗಿ ಸತ್ತದ್ದಕ್ಕಿಂತ ತನ್ನೂರ ದನ ಬಿಡಿಸಲು ಸತ್ತದ್ದು ಊರಿನವರಿಗೆ ನೆನಪಿಡಬೇಕಾದ ಸಾವು. ಕಂಪಿಲಿರಾಯನ ಮಗ ಕುಮಾರರಾಮನೂ ಹೀಗೆಯೇ ಉಳಿದ. ನಂಜುಂಡ ಕವಿ ಅವನ ಮೇಲೆ ಕಾವ್ಯ ಬರೆದ. ಜನಪದರು ಬೊಲ್ಲ ಎಂಬ ಕುದುರೆ ಸಮೇತ ಅವನನ್ನು ಹಾಡಿಕೊಂಡರು. ಕೆಲವು ಕಡೆ ಅವನ ತಲೆಗೇ ಪೂಜೆ. ಗೆದ್ದ ದಿಲ್ಲಿಯ ಸೇನಾಪತಿಯ ಹೆಸರು ಕೇಳಿದರೆ ಪಂಡಿತರೂ ಪುಸ್ತಕ ತೆರೆಯಬೇಕು.

ಆದರೂ ಸೋತವರ ಕಡೆಯ ಕಥೆಯನ್ನು ಬರೀ ಹೊಗಳಿ ಮುಗಿಸಿದರೆ ಮೋಸವಾಗುತ್ತದೆ. ಸಣ್ಣ ದೊರೆಗಳಿಗೂ ಇದೇ ಜಾಡ್ಯ ಅಂಟಿತ್ತು. ಚಿತ್ರದುರ್ಗದ ಹಿರೇ ಮದಕರಿನಾಯಕ ಸುತ್ತಲಿನವರನ್ನೆಲ್ಲ ಎದುರು ಹಾಕಿಕೊಂಡು, ಆರ್ಕಾಟಿನ ಚಂದಾಸಾಹೇಬನನ್ನು ಜೊತೆಗೆ ಕಟ್ಟಿಕೊಂಡು, 1748ರ ಸುಮಾರಿಗೆ ಮಾಯಕೊಂಡದಲ್ಲಿ ಯುದ್ಧಕ್ಕೆ ನಿಂತ. ಹರಪನಹಳ್ಳಿಯ ಸೋಮಶೇಖರ ನಾಯಕನ ಕೈಯಲ್ಲಿ ಸತ್ತ. ಚಂದಾಸಾಹೇಬನ ಮಗನೂ ಅಲ್ಲಿಯೇ ಬಿದ್ದ. ಹರಪನಹಳ್ಳಿಯವರು ಗೆದ್ದು ಗಳಿಸಿದ್ದೇನು? ಹೆಚ್ಚು ದಿನ ಹೋಗುವುದರೊಳಗೆ ಹೈದರಾಲಿಗೆ ಕಪ್ಪ ಎಣಿಸತೊಡಗಿದರು. 1779ರಲ್ಲಿ ಚಿತ್ರದುರ್ಗವೇ ಹೈದರನ ಕೈಸೇರಿತು. ಹೈದರನ ಮಗನ ರಾಜ್ಯ 1799ರಲ್ಲಿ ಮುಗಿಯಿತು.

1800ರಲ್ಲಿ ನಿಜಾಮ ಈ ಸೀಮೆಯನ್ನು ಕುಂಪಣಿಗೆ ಬಿಟ್ಟುಕೊಟ್ಟಾಗ ಕಲೆಕ್ಟರಾಗಿ ಬಂದ ಥಾಮಸ್ ಮನ್ರೋ ತನ್ನ ಜಿಲ್ಲೆಗಳಲ್ಲಿ ಎಂಬತ್ತು ಪಾಳೆಯಗಾರರನ್ನೂ ಅವರ ಮೂವತ್ತು ಸಾವಿರ ಬಂಟರನ್ನೂ ಕಂಡ. ವಿಜಯನಗರ, ಬಿಜಾಪುರ, ಮೊಗಲರು, ಮರಾಠರು, ಹೈದರ್, ಟಿಪ್ಪು ಎಲ್ಲರೂ ಗೆದ್ದುಹೋಗಿದ್ದ ನೆಲದಲ್ಲಿ ಇವರು ಉಳಿದೇ ಇದ್ದರು! ಇವರನ್ನು ಕರಗಿಸಿದ್ದು ಯಾವ ಮಹಾಯುದ್ಧವೂ ಅಲ್ಲ. ಸಣ್ಣಪುಟ್ಟ ದಂಡು, ಪಿಂಚಣಿ, ಹೊಲಹೊಲ ಅಳೆದು ರೈತನ ಹೆಸರಿಗೇ ಕಂದಾಯ ಬರೆದ ದಫ್ತರ. ಏಳು ವರ್ಷ ಮನ್ರೋ ಡೇರೆಯಲ್ಲಿ ಊರೂರು ತಿರುಗಿದ. ಅದೂ ಆಕ್ರಮಣವೇ, ಅದರ ಕಂದಾಯದ ಭಾರವೂ ಕಡಿಮೆಯದಲ್ಲ. ಕತ್ತಿಯವರಿಗೆ ಸಿಗದ ನಾಡು ಲೆಕ್ಕದವರಿಗೆ ಸಿಕ್ಕಿತು ಎಂಬುದನ್ನು ಒಪ್ಪಿಕೊಳ್ಳಲು ನನಗೆ ಸಂತೋಷವೇನಿಲ್ಲ. ಆದರೆ ನಡೆದದ್ದು ಹಾಗೆ.

ತುಘಲಕ್‌ನಿಗೂ ಲೆಕ್ಕದ ಹುಚ್ಚಿತ್ತು. ಎಲ್ಲ ಪ್ರಾಂತಗಳ ಜಮಾಖರ್ಚು ದಿಲ್ಲಿಗೆ ಬರಬೇಕೆಂದು ಕಟ್ಟುಮಾಡಿದ್ದ. ಕಂಪಿಲಿಯ ಲೆಕ್ಕ ಹೆಚ್ಚು ಕಾಲ ಹೋದಂತಿಲ್ಲ. ಅಲ್ಲಿಗೆ ಅವನೇ ಕಳಿಸಿದ್ದ ಒಬ್ಬ, ಮತ ಬಿಟ್ಟು ತಿರುಗಿಬಿದ್ದು, ಆ ಸೀಮೆ ಕೈಬಿಟ್ಟುಹೋಯಿತು ಎಂದು ಬರನಿ ಒಂದೆರಡು ಸಾಲಿನಲ್ಲಿ ಮುಗಿಸುತ್ತಾನೆ. ಹಕ್ಕ ಬುಕ್ಕರ ಕಥೆಯ ಎಳೆ ಇದೇ ಎಂದು ಕೆಲವರು, ಅಲ್ಲವೆಂದು ಕೆಲವರು. ಆ ವಾದ ಇನ್ನೂ ಬಗೆಹರಿದಿಲ್ಲ. ವಾದ ಏನೇ ಇರಲಿ, ಕಂಪಿಲಿ ಬಿದ್ದ ಒಂಬತ್ತೇ ವರ್ಷಕ್ಕೆ, 1336ರಲ್ಲಿ, ಅದೇ ಹೊಳೆಯ ದಂಡೆಯಲ್ಲಿ ವಿಜಯನಗರ ಹುಟ್ಟಿತು ಎನ್ನುವುದು ರೂಢಿ. 1347ಕ್ಕೆ ಬಹಮನಿ ರಾಜ್ಯವೂ ಬೇರೆಯಾಯಿತು. ಇದ್ದ ಸಣ್ಣ ರಾಜ್ಯವನ್ನು ಒರೆಸಿಹಾಕಿ ಸುಲ್ತಾನ ದೊಡ್ಡ ರಾಜ್ಯಗಳಿಗೆ ಜಾಗ ಮಾಡಿಕೊಟ್ಟಿದ್ದ. ಗುರ್ಶಾಸ್ಪ್‌ನನ್ನು ಹಿಡಿದುಕೊಟ್ಟು ಜೀವ ಉಳಿಸಿಕೊಂಡ ಮುಮ್ಮಡಿ ಬಲ್ಲಾಳನಿಗೂ ಹದಿನೈದು ವರ್ಷದಷ್ಟೇ ಬಿಡುವು ಸಿಕ್ಕಿತು. ಎಂಬತ್ತರ ಮುದುಕ ಮಧುರೆಯ ಸುಲ್ತಾನನ ಕೈಗೆ ಸಿಕ್ಕ. ಹುಲ್ಲು ತುಂಬಿದ ಅವನ ಚರ್ಮ ಮಧುರೆಯ ಗೋಡೆಯ ಮೇಲೆ ತೂಗುತ್ತಿದ್ದುದನ್ನು ಅದೇ ಬತೂತ ಕಂಡ.

ಸುಲ್ತಾನನ ಕೊನೆಯ ವರ್ಷಗಳು ತಘಿ ಎಂಬ ಒಬ್ಬನೇ ದಂಗೆಕೋರನನ್ನು ಗುಜರಾತು, ಸಿಂಧ್‌ಗಳಲ್ಲಿ ಅಟ್ಟಿಸಿಕೊಂಡು ಹೋಗುವುದರಲ್ಲಿ ಕಳೆದವು. 1351ರ ಮಾರ್ಚಿನಲ್ಲಿ ತಟ್ಟಾ ಬಳಿ ಸಿಂಧೂ ದಂಡೆಯ ಮೇಲೆ ಜ್ವರ ಬಂದು ಸತ್ತ. ಅವನೇ ನೆರವಿಗೆ ಕರೆಸಿದ್ದ ಮಂಗೋಲ್ ಸವಾರರು ದಿಕ್ಕಿಲ್ಲದ ಅವನ ದಂಡನ್ನು ಸುಲಿದರು.

ಪಟ್ಟಕ್ಕೆ ಬಂದ ಫಿರೋಜ್ ಷಾ ಒಂದು ವಿಚಿತ್ರ ಕೆಲಸ ಮಾಡಿದ. ಹಿಂದಿನ ಸುಲ್ತಾನ ಕೊಲ್ಲಿಸಿದವರ ವಾರಸುದಾರರನ್ನು, ಅವನು ಕೈ, ಮೂಗು, ಕಣ್ಣು ತೆಗೆಸಿದವರನ್ನು ಹುಡುಕಿಸಿ, ಇನಾಮು ಕೊಟ್ಟು, ‘ಕ್ಷಮಿಸಿದ್ದೇವೆ’ ಎಂದು ಸಾಕ್ಷಿ ಸಹಿತ ಬರೆಸಿಕೊಂಡ. ಆ ಪತ್ರಗಳನ್ನೆಲ್ಲ ಪೆಟ್ಟಿಗೆಯಲ್ಲಿಟ್ಟು ಆ ಸುಲ್ತಾನನ ಗೋರಿಯ ತಲೆದೆಸೆಯಲ್ಲಿ ಇರಿಸಿದೆ ಎಂದು ತಾನೇ ಹೇಳಿಕೊಂಡಿದ್ದಾನೆ. ಆ ಪೆಟ್ಟಿಗೆಯಲ್ಲಿ ಕಂಪಿಲಿಯ ಕಡೆಯ ಒಂದು ಪತ್ರವೂ ಇದ್ದಿರಲಾರದು. ಅಷ್ಟು ಹೊತ್ತಿಗೆ ತುಂಗಭದ್ರೆಯ ಈಚೆಗೆ ಬಂದು, ವಾರಸುದಾರರನ್ನು ಹುಡುಕಿ ರುಜು ಹಾಕಿಸಿಕೊಳ್ಳಲು ದಿಲ್ಲಿಯ ಒಬ್ಬ ಗುಮಾಸ್ತನೂ ಇಲ್ಲಿ ಉಳಿದಿರಲಿಲ್ಲ.